ಮುಚ್ಚಳದ ಮೇಲೊಂದು ಕೋಟೆ: ಬರ್ಮಿಂಗ್‌ಹ್ಯಾಮ್‌ನ ಕ್ಯಾಸಲ್-ಟಾಪ್ ಬೆಳ್ಳಿ ಡಬ್ಬಿಗಳನ್ನು ಸಂಗ್ರಹಿಸುವ ಬಗೆ

ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಬೆಳ್ಳಿ ಡಬ್ಬಿ. ಮುಚ್ಚಳದ ಮೇಲೆ ವಿಂಡ್ಸರ್ ಕೋಟೆಯ ದುಂಡು ಗೋಪುರ, ಅದರ ಮುಂದೆ ಮರಗಳ ಸಾಲು, ಹಿಂದೆ ಮೋಡ. ಇಂಥ ಡಬ್ಬಿಗಳನ್ನು 1830 ಮತ್ತು 1840ರ ದಶಕಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬೆಳ್ಳಿ ಕೆಲಸಗಾರರು ದೊಡ್ಡ ಸಂಖ್ಯೆಯಲ್ಲಿ ಮಾಡಿದರು. ಸಂಗ್ರಹಕಾರರ ಬಾಯಲ್ಲಿ ಇವುಗಳ ಹೆಸರು ಕ್ಯಾಸಲ್-ಟಾಪ್. ಹೆಸರಿನಲ್ಲಿ ಕೋಟೆ ಇದ್ದರೂ ಚರ್ಚು, ಶ್ರೀಮಂತರ ಬಂಗಲೆ, ಪಾಳುಬಿದ್ದ ಮಠ, ಸ್ಮಾರಕ ಎಲ್ಲವೂ ಇದರಲ್ಲಿ ಸೇರುತ್ತವೆ.

ಈ ಡಬ್ಬಿಗಳನ್ನು ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಉಬ್ಬುಚಿತ್ರ ಎಷ್ಟು ಚೂಪಾಗಿ ಉಳಿದಿದೆ ಎಂಬುದನ್ನು. ತಯಾರಕನ ಹೆಸರು, ಚಿತ್ರದ ಅಪರೂಪ, ಬೆಳ್ಳಿಯ ತೂಕ ಎಲ್ಲವೂ ಅದರ ನಂತರ. ಸವೆದ ಉಬ್ಬನ್ನು ಯಾವ ಅಕ್ಕಸಾಲಿಗನೂ ಮೊದಲಿನಂತೆ ಮಾಡಲಾರ.

ಮೂರು ಬಗೆಯ ಡಬ್ಬಿಗಳು

ಮೊದಲನೆಯದು ವಿನೇಗ್ರೆಟ್, 3ರಿಂದ 4.5 ಸೆಂ.ಮೀ. ಉದ್ದದ ಪುಟ್ಟ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬಳ್ಳಿ, ಹೂವಿನ ವಿನ್ಯಾಸದಲ್ಲಿ ತೂತು ಕೊರೆದ ಇನ್ನೊಂದು ಜಾಲರಿ ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಸುಗಂಧ ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಸ್ಪಂಜಿನ ತುಣುಕು ಇರುತ್ತಿತ್ತು. ಚರಂಡಿ ವ್ಯವಸ್ಥೆ ಇಲ್ಲದ ನಗರಗಳ ದುರ್ವಾಸನೆ ತಡೆಯಲು ಹೆಂಗಸರು ಇದನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ವಿನೆಗರಿನ ಆಮ್ಲ ಬೆಳ್ಳಿಯನ್ನು ತಿನ್ನುತ್ತದೆ, ಚಿನ್ನವನ್ನು ತಿನ್ನುವುದಿಲ್ಲ. ಹಾಗಾಗಿ ಒಳಭಾಗಕ್ಕೆ ಚಿನ್ನದ ಮುಲಾಮು, ಅಂದರೆ ತೆಳು ಲೇಪ, ಹಚ್ಚಿರುತ್ತಾರೆ. ಎರಡನೆಯದು ವಿಸಿಟಿಂಗ್ ಕಾರ್ಡ್ ಇಡುವ ಕಾರ್ಡ್ ಕೇಸ್, ಸುಮಾರು 10 ಸೆಂ.ಮೀ. ಎತ್ತರ, 7 ಸೆಂ.ಮೀ. ಅಗಲ. ಇದರ ಎರಡೂ ಮುಖಗಳ ಮೇಲೆ ಬೇರೆ ಬೇರೆ ಕಟ್ಟಡಗಳು ಇರಬಹುದು. ಮೂರನೆಯದು ನಶ್ಯದ ಡಬ್ಬಿ, 7ರಿಂದ 9 ಸೆಂ.ಮೀ. ಉದ್ದ, ಮೂರರಲ್ಲಿ ಗಟ್ಟಿಮುಟ್ಟಾದದ್ದು.

ಹೊಸಬರಿಗೆ ವಿನೇಗ್ರೆಟ್ ಒಳ್ಳೆಯ ಆರಂಭ. ಆದರೆ ಮೊದಲ ಖರೀದಿ ಕ್ಯಾಸಲ್-ಟಾಪ್ ಆಗಬೇಕಿಲ್ಲ. ಅದೇ ಕಾಲದ, ಅದೇ ತಯಾರಕರ, ಮುಚ್ಚಳದ ಮೇಲೆ ಬರೀ ಯಂತ್ರದಿಂದ ಎಳೆದ ಗೆರೆಗಳಿರುವ ಸಾದಾ ವಿನೇಗ್ರೆಟ್ ಬಹಳ ಅಗ್ಗ. ಅಂಥದ್ದೊಂದನ್ನು ಕೊಂಡು ಕೀಲು ಹೇಗೆ ತಿರುಗುತ್ತದೆ, ಜಾಲರಿ ಹೇಗೆ ಕೂರುತ್ತದೆ, ಮುದ್ರೆಗಳು ಎಲ್ಲಿರುತ್ತವೆ ಎಂಬುದನ್ನು ಕೈಗೂ ಕಣ್ಣಿಗೂ ಅಭ್ಯಾಸ ಮಾಡಿಕೊಳ್ಳಿ. ಸರಿಯಾದ ಡಬ್ಬಿಯನ್ನು ತೆರೆದು ಮುಚ್ಚಿ ಗೊತ್ತಿದ್ದವರಿಗೆ ರಿಪೇರಿಯಾದದ್ದು ಕೈಗೆ ಸಿಕ್ಕ ಕೂಡಲೇ ತಿಳಿಯುತ್ತದೆ.

ಉಬ್ಬುಚಿತ್ರ ಮಾಡುತ್ತಿದ್ದ ರೀತಿ

ಉಕ್ಕಿನ ಗಟ್ಟಿಯಲ್ಲಿ ಕಟ್ಟಡದ ಚಿತ್ರವನ್ನು ತಗ್ಗಾಗಿ ಕೆತ್ತಿ ಅಚ್ಚು ತಯಾರಿಸುತ್ತಿದ್ದರು. ಅದರ ಮೇಲೆ ತೆಳುವಾದ ಬೆಳ್ಳಿ ತಗಡನ್ನಿಟ್ಟು ಎತ್ತರದಿಂದ ಭಾರವಾದ ಸುತ್ತಿಗೆ ಬೀಳಿಸಿ ಅಚ್ಚೊತ್ತುತ್ತಿದ್ದರು. ಬಳಿಕ ಚಾಣ ಹಿಡಿದ ಕುಶಲಕರ್ಮಿ ಕಿಟಕಿ, ಕಲ್ಲಿನ ಸಾಲು, ಎಲೆಗಳನ್ನು ಕೈಯಿಂದ ತಿದ್ದಿ ಚುರುಕುಗೊಳಿಸುತ್ತಿದ್ದ. ಒಂದೇ ಅಚ್ಚಿನ ಎರಡು ಡಬ್ಬಿಗಳು ಪೂರ್ತಿ ಒಂದೇ ತೆರನಾಗಿ ಕಾಣದಿರುವುದು ಇದರಿಂದ. ಬರ್ಮಿಂಗ್‌ಹ್ಯಾಮ್‌ನ ಮ್ಯೂಸಿಯಂ ಆಫ್ ದ ಜುವೆಲರಿ ಕ್ವಾರ್ಟರ್ 1981ರಲ್ಲಿ ಬಾಗಿಲು ಮುಚ್ಚಿದ ಸ್ಮಿತ್ ಆಂಡ್ ಪೆಪ್ಪರ್ ಕಾರ್ಖಾನೆಯ ಕಟ್ಟಡದಲ್ಲಿದೆ. ಅದು ಈ ಡಬ್ಬಿಗಳಿಗಿಂತ ಈಚಿನ ಕಾರ್ಖಾನೆ. ಆದರೂ ಅಚ್ಚು, ಸುತ್ತಿಗೆ ಯಂತ್ರಗಳನ್ನು ಹತ್ತಿರದಿಂದ ನೋಡಿದರೆ ಈ ಕೆಲಸ ಚೆನ್ನಾಗಿ ಅರ್ಥವಾಗುತ್ತದೆ.

ಅಚ್ಚೊತ್ತುವಾಗ ತಗಡು ಹಿಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚು ಉಬ್ಬಿದ ಜಾಗದಲ್ಲಿ, ಅಂದರೆ ಗೋಪುರದ ಮೂಲೆ, ಮರದ ತಲೆಯಲ್ಲಿ ಬೆಳ್ಳಿ ಅತಿ ತೆಳುವಾಗುತ್ತದೆ. ಜೇಬಿನಲ್ಲಿ ಉಜ್ಜಾಡಿ, ಬಟ್ಟೆಯಿಂದ ತಿಕ್ಕಿಸಿಕೊಂಡು ಮೊದಲು ತೂತಾಗುವುದೂ ಅಲ್ಲೇ.

ಉಬ್ಬಿನ ಎತ್ತರದ ಪ್ರಕಾರ ಮೂರು ದರ್ಜೆಗಳಿವೆ. ಎತ್ತರದ ಉಬ್ಬು, ತಗ್ಗು ಉಬ್ಬು, ಬರೀ ಗೆರೆಯಲ್ಲಿ ಕೊರೆದ ಚಿತ್ರ. ಬೆಲೆಯೂ ಇದೇ ಕ್ರಮದಲ್ಲಿ ಇಳಿಯುತ್ತದೆ. ಮಾರಾಟದ ವಿವರಣೆಯಲ್ಲಿ ಮೂರನ್ನೂ ಕ್ಯಾಸಲ್-ಟಾಪ್ ಎಂದೇ ಕರೆಯುತ್ತಾರೆ. ಆದ್ದರಿಂದ ಪಕ್ಕದಿಂದ ತೆಗೆದ ಫೋಟೊ ಕೇಳದೆ ಹಣ ಕೊಡಬೇಡಿ.

ಮುದ್ರೆ ಓದುವುದು

ಬರ್ಮಿಂಗ್‌ಹ್ಯಾಮ್‌ನ ಅಸ್ಸೇ ಆಫೀಸು, ಅಂದರೆ ಲೋಹದ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ, ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಅವರ ಪ್ರಯತ್ನದಿಂದ 1773ರಲ್ಲಿ ಶುರುವಾಯಿತು. ಈ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಐದು ಗುರುತುಗಳು ಇರುತ್ತವೆ: ಊರಿಗೆ ಲಂಗರು, ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಎನ್ನುವುದಕ್ಕೆ ನಡೆಯುವ ಸಿಂಹ, ವರ್ಷಕ್ಕೆ ಒಂದು ಅಕ್ಷರ, ಸುಂಕ ಕಟ್ಟಿದ್ದಕ್ಕೆ ರಾಜ ಅಥವಾ ರಾಣಿಯ ತಲೆ, ತಯಾರಕನ ಹೆಸರಿನ ಮೊದಲಕ್ಷರಗಳು.

ವರ್ಷದ ಅಕ್ಷರಗಳಲ್ಲಿ ನಿಮಗೆ ಹೆಚ್ಚು ಬೇಕಾಗುವುದು 1824ರಲ್ಲಿ ಶುರುವಾದ ಗಾಥಿಕ್ ದೊಡ್ಡಕ್ಷರಗಳ ಸರಣಿ. ಅದರಲ್ಲಿ 1824ಕ್ಕೆ ಎ, 1830ಕ್ಕೆ ಜಿ, 1837ಕ್ಕೆ ಒ, 1840ಕ್ಕೆ ಆರ್, 1848ಕ್ಕೆ ಝಡ್. 1849ರಲ್ಲಿ ಸರಳ ರೋಮನ್ ದೊಡ್ಡಕ್ಷರ ಎ ಇಂದ ಹೊಸ ಸರಣಿ ಆರಂಭವಾಗುತ್ತದೆ. ಅಕ್ಷರ ಬದಲಾಗುತ್ತಿದ್ದದ್ದು ಜುಲೈನಲ್ಲಿ, ಆದ್ದರಿಂದ ಒಂದು ಅಕ್ಷರ ಎರಡು ವರ್ಷಗಳ ಅರ್ಧರ್ಧ ಭಾಗಕ್ಕೆ ಸೇರುತ್ತದೆ. ಪ್ರತಿ ಊರಿನ ಸರಣಿ ಬೇರೆ. ಮೊದಲು ಲಂಗರು ನೋಡಿ, ಆಮೇಲೆ ಅಕ್ಷರ ಓದಿ.

ಸುಂಕದ ತಲೆ 1784ರಿಂದ 1890ರವರೆಗೆ ಇತ್ತು. ನಾಲ್ಕನೇ ವಿಲಿಯಂನ ಮುಖ ಬಲಕ್ಕೆ, ವಿಕ್ಟೋರಿಯಾ ರಾಣಿಯ ಮುಖ ಎಡಕ್ಕೆ ತಿರುಗಿದೆ. ವಿಕ್ಟೋರಿಯಾ 1837ರಲ್ಲಿ ಪಟ್ಟಕ್ಕೆ ಬಂದ ಮೇಲೂ ಸ್ವಲ್ಪ ಕಾಲ ಹಳೆಯ ತಲೆಯನ್ನೇ ಒತ್ತುತ್ತಿದ್ದರು. ಬದಲಾವಣೆಯ ಆ ಹೊತ್ತಿನ ಡಬ್ಬಿಯಲ್ಲಿ ವಿಲಿಯಂ ಕಂಡರೆ ನಕಲಿ ಎಂದು ತಳ್ಳಿಹಾಕಬೇಡಿ. ಆದರೆ ಸುಂಕದ ತಲೆಯೇ ಇಲ್ಲದ, ಉಳಿದ ಮುದ್ರೆಗಳೆಲ್ಲ ಹೊಸದಾಗಿ ಹೊಳೆಯುವ ಕ್ಯಾಸಲ್-ಟಾಪ್ ಕಂಡರೆ ಅದು 1890ರ ಈಚಿನ ಪ್ರತಿಕೃತಿ ಇರಬಹುದು. ಅದರ ಮುದ್ರೆ ಕಾನೂನುಬದ್ಧವೇ ಆಗಿರುತ್ತದೆ, ಕೊಡಬೇಕಾದ ಬೆಲೆ ಮಾತ್ರ ಬೇರೆ.

ತಯಾರಕರಲ್ಲಿ ಮುಂಚೂಣಿಯ ಹೆಸರು ನಥಾನಿಯಲ್ ಮಿಲ್ಸ್, ಗುರುತು ಎನ್ ಎಂ. ಜೋಸೆಫ್ ವಿಲ್ಮೋರ್, ಟೇಲರ್ ಆಂಡ್ ಪೆರ್ರಿ, ಎಡ್ವರ್ಡ್ ಸ್ಮಿತ್, ಜರ್ವೇಸ್ ವೀಲರ್, ಫ್ರಾನ್ಸಿಸ್ ಕ್ಲಾರ್ಕ್, ಯಾಪ್ ಆಂಡ್ ವುಡ್‌ವರ್ಡ್ ಅವರ ಡಬ್ಬಿಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮಿಲ್ಸ್ ಹೆಸರಿಗಾಗಿ ಜನ ಹೆಚ್ಚು ಹಣ ಕೊಡುತ್ತಾರೆ. ಅದೇ ಹಣಕ್ಕೆ ಟೇಲರ್ ಆಂಡ್ ಪೆರ್ರಿಯ ಚೂಪಾದ ಉಬ್ಬು ಸಿಕ್ಕರೆ ಸವೆದ ಮಿಲ್ಸ್ ಅನ್ನು ಬಿಡುವುದೇ ಸರಿ.

ಚಿತ್ರದ ಕಟ್ಟಡ ಯಾವುದು?

ಮಾರುವವರ ಗುರುತಿಸುವಿಕೆಯನ್ನು ನಂಬಿ ಕೂರಬೇಡಿ; ಇಲ್ಲಿ ತಪ್ಪುಗಳು ಬಹಳ. ಹೆಚ್ಚಾಗಿ ಸಿಗುವ ಚಿತ್ರಗಳು ಐದು: ವಿಂಡ್ಸರ್, ವಾರಿಕ್, ಕೆನಿಲ್‌ವರ್ತ್ ಕೋಟೆಗಳು, ವಾಲ್ಟರ್ ಸ್ಕಾಟ್ ಅವರ ಮನೆ ಅಬಟ್ಸ್‌ಫರ್ಡ್, ಕವಿ ಬೈರನ್ ಮನೆತನದ ನ್ಯೂಸ್ಟೆಡ್ ಅಬಿ ಎಂಬ ಹಳೆಯ ಮಠ. ಓದುಗರು ತಮ್ಮ ಮೆಚ್ಚಿನ ಸಾಹಿತಿಯ ಮನೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಕಾಲ ಅದು. ಕೆನಿಲ್‌ವರ್ತ್‌ನ ಪಾಳು ಗೋಡೆಗಳಿಗೆ ಅಷ್ಟು ಬೇಡಿಕೆ ಬಂದದ್ದೂ ಸ್ಕಾಟ್ 1821ರಲ್ಲಿ ಅದೇ ಹೆಸರಿನ ಕಾದಂಬರಿ ತಂದದ್ದರಿಂದ. ವಿಂಡ್ಸರ್ ಅನ್ನು ದಿಬ್ಬದ ಮೇಲಿನ ದುಂಡು ಗೋಪುರದಿಂದ, ನ್ಯೂಸ್ಟೆಡ್ ಅನ್ನು ಆಕಾಶ ಕಾಣುವ ಖಾಲಿ ಕಿಟಕಿಯ ಹಳೆಯ ಚರ್ಚಿನ ಮುಂಗೋಡೆಯಿಂದ ಗುರುತಿಸಬಹುದು.

ಗೊಂದಲವಾಗುವುದು ಕೆಥೆಡ್ರಲ್‌ಗಳಲ್ಲಿ. ಗೋಪುರ ಎಣಿಸುವುದರಿಂದ ಶುರುಮಾಡಿ. ಮೂರು ಚೂಪು ಶಿಖರಗಳಿದ್ದರೆ ಲಿಚ್‌ಫೀಲ್ಡ್; ಇಂಗ್ಲೆಂಡಿನ ಮಧ್ಯಯುಗದ ಕೆಥೆಡ್ರಲ್‌ಗಳಲ್ಲಿ ಹಾಗಿರುವುದು ಅದೊಂದೇ. ಕಟ್ಟಡದ ನಡುಭಾಗದಲ್ಲಿ, ಎರಡು ಪಕ್ಕದಲ್ಲೂ ಒಂದೊಂದು ಗೋಪುರ ನಿಂತಿದ್ದರೆ ಎಕ್ಸೆಟರ್. ಯಾರ್ಕ್ ಮತ್ತು ಲಿಂಕನ್ ಎರಡಕ್ಕೂ ಮುಂದೆ ಎರಡು, ನಡುವೆ ಒಂದು ಗೋಪುರ. ಲಿಂಕನ್‌ನ ನಡುಗೋಪುರ ಮುಂದಿನ ಎರಡಕ್ಕಿಂತ ಎದ್ದು ನಿಲ್ಲುತ್ತದೆ, ಮುಂಭಾಗ ಪರದೆಯಂತೆ ಅಗಲವಾಗಿ ಹರಡಿದೆ. ಯಾರ್ಕ್‌ನ ನಡುಗೋಪುರ ದಪ್ಪ, ತಲೆ ಚಪ್ಪಟೆ. ಒಂದೇ ಚೂಪು ಶಿಖರವಿದ್ದರೆ ಸಾಲ್ಸ್‌ಬರಿಯೋ ನಾರ್ವಿಚ್ಚೋ ಎಂದು ಹಳೆಯ ಮುದ್ರಿತ ಚಿತ್ರಗಳ ಜೊತೆ ಹೋಲಿಸಿ. ಈಗಿನ ಫೋಟೊಗಳಿಗಿಂತ 1800ರಿಂದ 1850ರ ನಡುವಿನ ತಾಮ್ರ ಮತ್ತು ಉಕ್ಕಿನ ಫಲಕದ ಮುದ್ರಣಗಳು ಹೆಚ್ಚು ನೆರವಾಗುತ್ತವೆ. ಮುಂದೆ ಮರ ಬೆಳೆದು, ಕಟ್ಟಡ ಬದಲಾಗಿ ಇಂದಿನ ನೋಟ ಹೊಂದದಿರಬಹುದು. ಆಗಲೂ ತಾಳೆಯಾಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಅಚ್ಚಿನಲ್ಲಿ ನೇರವಾಗಿ ಕೆತ್ತಿದ್ದು ತಗಡಿನ ಮೇಲೆ ಕನ್ನಡಿಬಿಂಬವಾಗಿ ಮೂಡುತ್ತದೆ.

ಕಟ್ಟಡದ ಇತಿಹಾಸವೇ ಮುದ್ರೆಯನ್ನು ಪರೀಕ್ಷಿಸುವ ಸಾಧನ. ಎಡಿನ್‌ಬರೋದ ಸ್ಕಾಟ್ ಸ್ಮಾರಕಕ್ಕೆ ಅಡಿಗಲ್ಲು ಬಿದ್ದದ್ದು 1840ರಲ್ಲಿ, ಉದ್ಘಾಟನೆಯಾದದ್ದು 1846ರಲ್ಲಿ. ಹೈಡ್ ಪಾರ್ಕ್‌ನ ಗಾಜಿನ ಭವನ ಕ್ರಿಸ್ಟಲ್ ಪ್ಯಾಲೆಸ್ 1851ರದು. 1854ರಲ್ಲಿ ಸಿಡೆನ್‌ಹ್ಯಾಮ್‌ನಲ್ಲಿ ಮತ್ತೆ ತೆರೆದಾಗ ಅದರ ರೂಪವೇ ಬೇರೆಯಾಗಿತ್ತು. 1851ಕ್ಕಿಂತ ಬಹಳ ಹಿಂದಿನ ಅಕ್ಷರವಿರುವ ಡಬ್ಬಿಯ ಮೇಲೆ ಕ್ರಿಸ್ಟಲ್ ಪ್ಯಾಲೆಸ್ ಕಂಡರೆ ಹಳೆಯ ಸಾದಾ ಡಬ್ಬಿಗೆ ಆಮೇಲೆ ಉಬ್ಬುಚಿತ್ರದ ಫಲಕ ಕೂಡಿಸಿದ್ದಾರೆ ಎಂದೇ ಅರ್ಥ. ಇದಕ್ಕೆ ಒಂದು ವಿನಾಯಿತಿ ಉಂಟು. ಲಂಡನ್ನಿನ ಸಂಸತ್ ಭವನ 1834ರಲ್ಲಿ ಸುಟ್ಟುಹೋಗಿ, ಹೊಸದು ಏಳಲು ದಶಕಗಳೇ ಹಿಡಿದವು. ಅದರ ನಕ್ಷೆಗಳು ಮೊದಲೇ ಜನರ ಕೈಸೇರಿದ್ದರಿಂದ ಕಟ್ಟಿ ಮುಗಿಯುವ ಮೊದಲೇ ಡಬ್ಬಿಗಳ ಮೇಲೆ ಪೂರ್ತಿ ಭವನ ಕಾಣಿಸಿಕೊಂಡಿರಬಹುದು. ಅಂಥ ಕೆಲವು ವರ್ಷಗಳ ವ್ಯತ್ಯಾಸ ದೋಷವಲ್ಲ.

ಕೈಗೆ ತೆಗೆದುಕೊಂಡಾಗ

ಹತ್ತು ಪಟ್ಟು ದೊಡ್ಡದು ತೋರಿಸುವ ಲೂಪ್, 0.1 ಗ್ರಾಂ ನಿಖರತೆಯ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಚಿಕ್ಕ ಟಾರ್ಚ್ ಇಷ್ಟು ಸಾಕು. ಈ ಕ್ರಮದಲ್ಲಿ ನೋಡಿ.

1. ಟಾರ್ಚನ್ನು ಮುಚ್ಚಳದ ಪಕ್ಕಕ್ಕೆ ತಗ್ಗಾಗಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಸವಕಳಿ ಮುಚ್ಚಿಹೋಗುತ್ತದೆ. ಅಡ್ಡ ಬೆಳಕಿನಲ್ಲಿ ಗೋಪುರದ ಹಲ್ಲುಗಳು ಬಿಡಿಬಿಡಿಯಾಗಿ ಕಾಣಬೇಕು, ಕಿಟಕಿಗಳಿಗೆ ಅಂಚು ಇರಬೇಕು, ಮರದ ಎಲೆಗಳಲ್ಲಿ ಚಾಣದ ಗುರುತು ಉಳಿದಿರಬೇಕು. ಮರಗಳೆಲ್ಲ ಒಂದೇ ನುಣುಪು ಗುಡ್ಡೆಯಾಗಿದ್ದರೆ ಡಬ್ಬಿಯನ್ನು ಕೆಳಗಿಡಿ.

2. ಎತ್ತರದ ಬಿಂದುಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿವೆಯೇ ನೋಡಿ. ಕಾರ್ಡ್ ಕೇಸ್ ಆದರೆ ಒಳಗೆ ಟಾರ್ಚ್ ಹಾಕಿ ಕತ್ತಲಲ್ಲಿ ಹೊರಗಿನಿಂದ ನೋಡಿ. ತೂತಿದ್ದರೆ ಬೆಳಕಿನ ಚುಕ್ಕೆ ಕಾಣುತ್ತದೆ. ಒಳಗೆ ಮಂಕು ಬೂದು ಬಣ್ಣದ ತೇಪೆ ಕಂಡರೆ ಸೀಸದ ಬೆಸುಗೆ. ಮತ್ತೆ ಬಿಸಿ ಮಾಡಿದರೆ ಸೀಸ ಬೆಳ್ಳಿಯನ್ನು ತಿಂದು ಗುಳಿ ಮಾಡುತ್ತದೆ, ಹಾಗಾಗಿ ಆ ರಿಪೇರಿಯನ್ನು ಬಿಡಿಸಿ ಸರಿಮಾಡುವುದು ಬಲು ಕಷ್ಟ.

3. ಮುದ್ರೆ ಹೋಲಿಸಿ. ವಿನೇಗ್ರೆಟ್‌ನಲ್ಲಿ ಮುಚ್ಚಳದ ಒಳಗೂ ತಳದ ಒಳಗೂ ಮುದ್ರೆ ಇರುವುದು ವಾಡಿಕೆ, ಜಾಲರಿಯ ಮೇಲೂ ಒಂದೆರಡು ಚಿಕ್ಕ ಗುರುತುಗಳಿರಬಹುದು. ಮುಚ್ಚಳ ಒಬ್ಬ ತಯಾರಕನದು, ತಳ ಇನ್ನೊಬ್ಬನದು ಎಂದಾದರೆ ಅದು ಎರಡು ಡಬ್ಬಿ ಸೇರಿಸಿ ಮಾಡಿದ್ದು. ಒತ್ತಿದ ಮುದ್ರೆಯ ತಳ ಚೊಕ್ಕ, ಅಂಚು ಚೂಪು. ಎರಕದಿಂದ ಬಂದ ನಕಲಿನಲ್ಲಿ ಅಂಚು ಮೆತ್ತಗೆ ದುಂಡಾಗಿ, ಸುತ್ತ ಮರಳಿನಂಥ ಚುಕ್ಕೆಗಳಿರುತ್ತವೆ.

4. ಕೀಲನ್ನು ನಿಧಾನವಾಗಿ ತೆರೆಯಿರಿ. ಮುಚ್ಚಳ ಅಕ್ಕಪಕ್ಕ ಅಲುಗಾಡಬಾರದು. ಕೀಲಿನ ಎರಡು ತುದಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಬಲವಂತವಾಗಿ ಹಿಂದಕ್ಕೆ ಮಡಿಸಿದ ಡಬ್ಬಿಗಳು ಸೀಳುವುದು ಅಲ್ಲೇ. ಮುಚ್ಚುವಾಗ ಸಣ್ಣ ಟಕ್ ಶಬ್ದದೊಂದಿಗೆ ಕೂರಬೇಕು, ಅಂಚಿನಲ್ಲಿ ಸಂದು ಕಾಣಬಾರದು.

5. ಜಾಲರಿ ಬದಲಾಗಿರಬಹುದು. ಅಸಲಿ ಜಾಲರಿ ತನ್ನ ಕೀಲಿನಲ್ಲಿ ಸಡಿಲವಿಲ್ಲದೆ ತಿರುಗಿ ಬಾಯಿಯ ಸುತ್ತ ಒಂದೇ ಅಳತೆಯ ಸಂದಿನಲ್ಲಿ ಕೂರುತ್ತದೆ. ಅದರ ಮುಲಾಮಿನ ಬಣ್ಣ ಡಬ್ಬಿಯ ಒಳಗಿನ ಬಣ್ಣಕ್ಕೆ ಹೊಂದಬೇಕು. ಉಳಿದೆಲ್ಲ ಸವೆದಿರುವಾಗ ಜಾಲರಿ ಮಾತ್ರ ಹಳದಿ ಬಿಸಿಲಿನಂತೆ ಹೊಳೆದರೆ ಮುಲಾಮು ಇತ್ತೀಚಿನದು.

6. ತಳದ ಮೇಲೂ ಹೆಸರು ಬರೆಸಲು ಬಿಟ್ಟ ಚಿಕ್ಕ ಚೌಕದ ಮೇಲೂ ಬಾಯಿಂದ ಹಬೆ ಊದಿ. ಉಜ್ಜಿ ಅಳಿಸಿದ ಹಳೆಯ ಅಕ್ಷರಗಳು ಕ್ಷಣಕಾಲ ಮಸುಕಾಗಿ ಮೂಡಬಹುದು. ಹಾಗೆ ಅಳಿಸಿದಲ್ಲಿ ಲೋಹ ತೆಳುವಾಗಿರುತ್ತದೆ, ಬೆರಳಿನಿಂದ ಮೆಲ್ಲನೆ ಒತ್ತಿದರೆ ಬಳುಕುತ್ತದೆ. ಮೂಲ ಒಡೆಯನ ಹೆಸರು ಉಳಿದಿರುವ ಡಬ್ಬಿಯನ್ನು ಆ ಕಾರಣಕ್ಕೆ ದೂರಬೇಡಿ. ಅಳಿಸಿದ್ದಕ್ಕಿಂತ ಅದು ಎಷ್ಟೋ ಮೇಲು.

7. ಫಲಕ ಮತ್ತು ಅದರ ಸುತ್ತಿನ ಚೌಕಟ್ಟು ಸೇರುವ ರೇಖೆಯನ್ನು ಲೂಪ್‌ನಲ್ಲಿ ಸುತ್ತಲೂ ಹಿಂಬಾಲಿಸಿ. ಬೆಸುಗೆ ಉಕ್ಕಿ ಹರಿದಿದ್ದರೆ, ಒಂದು ಮೂಲೆಯಲ್ಲಿ ಫಲಕವನ್ನು ಕತ್ತರಿಸಿ ಕೂರಿಸಿದಂತಿದ್ದರೆ, ಚೌಕಟ್ಟು ಸವೆದು ಕೋಟೆ ಮಾತ್ರ ಹೊಸದಾಗಿದ್ದರೆ ಅನುಮಾನಿಸಿ. ಸಾದಾ ಡಬ್ಬಿಗೂ ಕ್ಯಾಸಲ್-ಟಾಪ್‌ಗೂ ಬೆಲೆಯಲ್ಲಿ ಅಷ್ಟು ಅಂತರವಿರುವುದರಿಂದ ಈ ವಂಚನೆಗೆ ಆಸೆ ಹೆಚ್ಚು.

ಇಷ್ಟಾದರೂ ಸಂಶಯ ಉಳಿದರೆ ಕ್ಷ-ಕಿರಣ ಬಿಟ್ಟು ಲೋಹದ ಅಂಶಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಲೋಹ ಪರೀಕ್ಷೆ ಮಾಡಿಸಬಹುದು. ನಮ್ಮ ಊರುಗಳ ದೊಡ್ಡ ಚಿನ್ನದಂಗಡಿಗಳಲ್ಲೂ ಹಾಲ್‌ಮಾರ್ಕ್ ಕೇಂದ್ರಗಳಲ್ಲೂ ಈ ಯಂತ್ರ ಇದೆ, ಡಬ್ಬಿಗೆ ಗೀರೂ ಬೀಳುವುದಿಲ್ಲ. ಮುಲಾಮಿಲ್ಲದ ಜಾಗದಲ್ಲಿ ಅಳೆಯಲು ಹೇಳಿ. 92.5ರ ಆಸುಪಾಸು ಬಂದು ಜೊತೆಗೆ ಚಿನ್ನ, ಸೀಸದ ಸೂಕ್ಷ್ಮ ಅಂಶ ಕಂಡರೆ ಹಳೆಯ ಬೆಳ್ಳಿಯ ಲಕ್ಷಣ. 99.9 ತೋರಿಸಿದರೆ ವಿದ್ಯುತ್ತಿನಿಂದ ಅಚ್ಚಿನ ಮೇಲೆ ಬೆಳ್ಳಿ ಬೆಳೆಸಿದ ನಕಲು ಇರಬಹುದು. ಒರೆಗಲ್ಲಿಗೆ ಉಜ್ಜಲು, ಆಮ್ಲದ ಹನಿ ಹಾಕಲು ಯಾರಿಗೂ ಬಿಡಬೇಡಿ.

ಕೊಳ್ಳುವುದು, ತರುವುದು

ಮೊದಲು ನೋಡಿ ಕಲಿಯಲು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನ ಬೆಳ್ಳಿ ವಿಭಾಗ ಚೆನ್ನ. ಚಾನ್ಸರಿ ಲೇನ್‌ನ ಲಂಡನ್ ಸಿಲ್ವರ್ ವಾಲ್ಟ್ಸ್‌ನಲ್ಲಿ ಅಂಗಡಿಗಳು ಒಂದರ ಪಕ್ಕ ಒಂದಿದ್ದು, ಡಬ್ಬಿಯನ್ನು ಕೈಗೆ ಕೊಡಲು ಕೇಳಬಹುದು. ಅಂಗಡಿಯಲ್ಲಿ ಬೆಲೆ ಹೆಚ್ಚಾದರೂ ಲಿಖಿತ ರಸೀದಿ ಸಿಗುತ್ತದೆ. ರಸೀದಿಯಲ್ಲಿ ತಯಾರಕ, ವರ್ಷ, ಕಟ್ಟಡದ ಹೆಸರು, ಗೊತ್ತಿರುವ ರಿಪೇರಿ ಬರೆಸಿಕೊಳ್ಳಿ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆ ಎಂದುಕೊಂಡು ಹಲವರು ಎಡವುತ್ತಾರೆ. ಉದಾಹರಣೆಗೆ ಸುತ್ತಿಗೆ ಬಿದ್ದದ್ದು 400 ಪೌಂಡಿಗೆ, ಖರೀದಿದಾರನ ಕಮಿಷನ್ ಶೇ. 25 ಎಂದಿಟ್ಟುಕೊಂಡರೆ 100 ಪೌಂಡ್, ಆ ಕಮಿಷನ್ ಮೇಲೆ ಶೇ. 20 ವ್ಯಾಟ್ 20 ಪೌಂಡ್, ಒಟ್ಟು 520. ಸಾಗಣೆ, ವಿಮೆ, ಭಾರತಕ್ಕೆ ತರುವುದಾದರೆ ಕಸ್ಟಮ್ಸ್ ಸುಂಕ ಇದರ ಮೇಲೆ. ಹರಾಜಿಗೆ ಮೊದಲೇ ಎಲ್ಲ ಕೂಡಿ, ಕೂಗುವ ಮಿತಿಯನ್ನು ಕಾಗದದ ಮೇಲೆ ಬರೆದಿಡಿ. ಜೊತೆಗೆ ದೋಷಗಳ ವರದಿಯನ್ನೂ ಕೇಳಿ ಪಡೆಯಿರಿ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು ಸಂಗ್ರಹವನ್ನು ಊರಿಗೆ ತರುವ ಮುನ್ನ ಒಂದು ವಿಷಯ ಗಮನಿಸಬೇಕು. ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿಗಳ ಕಾಯ್ದೆ 100 ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ, ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಕೊಂಡೊಯ್ಯುವುದನ್ನು ತಡೆಯುತ್ತದೆ. ತಂದ ಮೇಲೆ ಮತ್ತೆ ಲಂಡನ್ನಿನ ಹರಾಜಿಗೆ ಕಳಿಸುತ್ತೇನೆ ಎಂಬ ಲೆಕ್ಕಾಚಾರ ಸುಲಭದ್ದಲ್ಲ. ಆಮದಿನ ಕಾಗದಪತ್ರಗಳನ್ನೆಲ್ಲ ಜೋಪಾನವಾಗಿಡಿ.

ತಿಕ್ಕಬೇಡಿ

ಹಬ್ಬದ ಹಿಂದಿನ ದಿನ ದೇವರ ಬೆಳ್ಳಿ ಸಾಮಾನನ್ನು ವಿಭೂತಿ, ಹಲ್ಲುಪುಡಿ, ಹುಣಸೆಹಣ್ಣು ಹಾಕಿ ಬೆಳಗುವುದು ನಮ್ಮ ಮನೆಗಳ ರೂಢಿ. ದಪ್ಪ ತಟ್ಟೆ, ದೀಪಗಳು ಅದನ್ನು ತಡೆದುಕೊಳ್ಳುತ್ತವೆ. ಕ್ಯಾಸಲ್-ಟಾಪ್ ತಡೆಯುವುದಿಲ್ಲ. ಪ್ರತಿ ಸಲ ಕಪ್ಪು ತೆಗೆದಾಗ ಅದರ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಮೊದಲೇ ತೆಳುವಾದ ಗೋಪುರದ ತುದಿಯಿಂದ ಅದು ಹೋದರೆ ಮತ್ತೆ ಬರುವುದಿಲ್ಲ. ಡಬ್ಬಿಯನ್ನು ಒಪ್ಪ ಹಾಕಲು ಅಂಗಡಿಗೂ ಕೊಡಬೇಡಿ. ತಿರುಗುವ ಬಫ್ ಚಕ್ರಕ್ಕೆ ಹಿಡಿದರೆ ಒಂದೇ ನಿಮಿಷದಲ್ಲಿ ಕಿಟಕಿಗಳು ಮಾಯವಾಗುತ್ತವೆ.

ಧೂಳನ್ನು ಅಳಿಲಿನ ಕೂದಲಿನ ಮೆತ್ತನೆಯ ಕುಂಚದಿಂದ ಒರೆಸಿ. ಜಿಡ್ಡಿದ್ದರೆ ಒಂದು ಬಟ್ಟಲು ಉಗುರುಬೆಚ್ಚಗಿನ ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೌಮ್ಯ ಡಿಟರ್ಜೆಂಟ್ ಹಾಕಿ, ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ಹಿಂಡಿ ಒರೆಸಿ. ಬರೀ ನೀರಿನಲ್ಲಿ ಅದ್ದಿದ ಇನ್ನೊಂದು ಕಡ್ಡಿಯಿಂದ ಮತ್ತೆ ಒರೆಸಿ ಒಣಗಿಸಿ. ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಬಾರದು. ಕೀಲಿನ ಕೊಳವೆಯಲ್ಲೂ ಫಲಕದ ಹಿಂದಿನ ಸಂದಿನಲ್ಲೂ ನೀರು ನಿಂತು ಒಳಗಿಂದ ಕಿಲುಬು ಹಿಡಿಯುತ್ತದೆ. ಕಪ್ಪು ವಿಪರೀತವಾಗಿದ್ದರೆ ಮಾತ್ರ ನುಣ್ಣನೆಯ ಶುದ್ಧ ಸೀಮೆಸುಣ್ಣದ ಪುಡಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ಹತ್ತಿ ಕಡ್ಡಿಯಿಂದ ಚಪ್ಪಟೆ ಜಾಗಗಳನ್ನಷ್ಟೇ ಹಗುರಾಗಿ ಒರೆಸಿ. ಕಲ್ಲಿನ ಸಾಲುಗಳ, ಎಲೆಗಳ ನಡುವಿನ ಕಪ್ಪು ಅಲ್ಲೇ ಇರಲಿ. ಚಿತ್ರಕ್ಕೆ ಆಳ ಕೊಡುವುದೇ ಅದು. ಮುಲಾಮಿನ ಒಳಭಾಗಕ್ಕೆ ಪುಡಿ ಸೋಕಿಸಬೇಡಿ. ಅದ್ದಿ ತೆಗೆಯುವ ದ್ರಾವಣಗಳೂ ಅಲ್ಯೂಮಿನಿಯಂ ಹಾಳೆ-ಅಡುಗೆ ಸೋಡಾದ ವಿಧಾನವೂ ಈ ಡಬ್ಬಿಗಳಿಗೆ ಬೇಡ. ತಗ್ಗಿನ ಕಪ್ಪೆಲ್ಲ ಒಮ್ಮೆಗೇ ಹೋಗಿ ಚಿತ್ರ ಬಿಳಿಚಿಕೊಳ್ಳುತ್ತದೆ.

ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ, ತೇವ ಅದನ್ನು ಚುರುಕುಗೊಳಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ತೆರೆದ ಶೋಕೇಸಿನಲ್ಲಿಟ್ಟ ಬೆಳ್ಳಿ ಬೇಗ ಬಣ್ಣಗೆಡುವುದು ಇದಕ್ಕೇ. ಪ್ರತಿ ಡಬ್ಬಿಯನ್ನು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಇರುವ ಪಾಲಿಥೀನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮಳೆಗಾಲದಲ್ಲಿ ಆ ಪೊಟ್ಟಣ ಬದಲಿಸುತ್ತಿರಿ. ರಬ್ಬರ್ ಬ್ಯಾಂಡ್, ಪತ್ರಿಕೆಯ ಹಾಳೆ, ಉಣ್ಣೆ ಬಟ್ಟೆ, ಪಿವಿಸಿ ಚೀಲ ಹತ್ತಿರ ಸುಳಿಯಬಾರದು. ಬೀರುವಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಡಬ್ಬಿಗಳನ್ನು ಬೇರೆ ಕಡೆ ಇಡಿ. ಬೆವರಿನ ಉಪ್ಪು ಬೆರಳಚ್ಚನ್ನು ಬೆಳ್ಳಿಯಲ್ಲೇ ಕೊರೆಯುತ್ತದೆ, ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿಕೊಂಡೇ ಮುಟ್ಟಿ.

ದಾಖಲೆ

ಪ್ರತಿ ಡಬ್ಬಿಗೆ ಒಂದು ಹಾಳೆ ಇರಲಿ. ಬಗೆ, ಕಟ್ಟಡ, ಯಾವ ದಿಕ್ಕಿನ ನೋಟ, ತಯಾರಕ, ವರ್ಷದ ಅಕ್ಷರ, ಮುದ್ರೆಗಳು ಎಲ್ಲೆಲ್ಲಿವೆ, ಉದ್ದ-ಅಗಲ-ಎತ್ತರ ಮಿಲಿಮೀಟರಿನಲ್ಲಿ, ತೂಕ, ನೆಗ್ಗು, ರಿಪೇರಿ, ಎಲ್ಲಿಂದ ಎಷ್ಟಕ್ಕೆ ಬಂತು, ಎಲ್ಲವನ್ನೂ ಬರೆದಿಡಿ. ಕಟ್ಟಡದ ಗುರುತಿನ ಬಗ್ಗೆ ಯಾವ ಹಳೆಯ ಮುದ್ರಣದ ಜೊತೆ ಹೋಲಿಸಿದಿರಿ ಎಂಬುದನ್ನೂ ಸೇರಿಸಿ. ಮುಂದೆ ಕೊಳ್ಳುವವರು ಕೇಳುವುದು ಇದನ್ನೇ. ಫೋಟೊ ನಾಲ್ಕು ಸಾಕು: ಎಡದಿಂದ ಅಡ್ಡ ಬೆಳಕು ಬಿಟ್ಟ ಮುಚ್ಚಳ, ಪಕ್ಕದ ನೋಟ, ತೆರೆದ ಒಳಭಾಗ, ಮುದ್ರೆಗಳು. ವರ್ಷಕ್ಕೊಮ್ಮೆ ಅದೇ ಬೆಳಕಿನಲ್ಲಿ ಅದೇ ದೂರದಿಂದ ಮುಚ್ಚಳದ ಫೋಟೊ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಗೋಪುರದ ಹಲ್ಲುಗಳಲ್ಲಿ ಒಂದು ಮೊಂಡಾಗಿದ್ದು ಕಂಡರೂ ಒರೆಸುವ ರೀತಿಯನ್ನೂ ಮುಟ್ಟುವ ರೀತಿಯನ್ನೂ ಆಗಲೇ ಬದಲಿಸಿ.